ಲೋರ್ಮೆನ್ಯಾಕಿನ ಎತ್ತಿನ ದಾರಿ

ವಿಶ್ವಕಪ್ ಫುಟ್‌ಬಾಲ್ ಮುಗಿದು ಒಂದು ವರ್ಷ ಕಳೆದಿತ್ತು. ೨೦೨೩ರ ಕೊನೆಯ ತಿಂಗಳುಗಳು. ನಾನಾಗ ದೋಹಾದ ಒಂದು ಖಾಸಗಿ ಕಂಪನಿಯಲ್ಲಿ ಮಾಡೆಲ್ ವರ್ಕ್‌ಶಾಪಿನ ಮುಖ್ಯಸ್ಥೆ. ಊರು, ಬಂದರು, ಬಡಾವಣೆಗಳನ್ನು ಅಳತೆಗೆ ತಕ್ಕಂತೆ ಕುಗ್ಗಿಸಿ ಮರ, ಫೋಮ್, ಬಣ್ಣಗಳಲ್ಲಿ ಮಾಡಿಕೊಡುವುದು ನಮ್ಮ ಕೆಲಸ. ವಸ್ತುಪ್ರದರ್ಶನಗಳಲ್ಲಿ ಗಾಜಿನ ಕೆಳಗೆ ಪುಟ್ಟ ಪುಟ್ಟ ಮನೆಗಳನ್ನು ನೋಡಿ ಮಕ್ಕಳು ಮೂಗು ಒತ್ತಿ ನಿಲ್ಲುತ್ತಾರಲ್ಲ, ಅಂಥದ್ದು. ಕಾರ್ಕಳದಲ್ಲಿ ಹುಟ್ಟಿ, ಡ್ರಾಫ್ಟ್ಸ್‌ಮನ್ ಡಿಪ್ಲೊಮಾ ಮಾಡಿ, ಗಂಡನ ಹಿಂದೆ ಕತಾರಿಗೆ ಬಂದವಳು ನಾನು. ಹತ್ತು ವರ್ಷ ನಕ್ಷೆ ಎಳೆದೆ, ಆಮೇಲೆ ಹನ್ನೆರಡು ವರ್ಷ ನಕ್ಷೆಗಳನ್ನು ಎಬ್ಬಿಸಿ ನಿಲ್ಲಿಸಿದೆ.

ಎಲ್ಲರೂ ಸನಯ್ಯಾ ಎಂದು ಕರೆಯುವ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ವರ್ಕ್‌ಶಾಪ್ ಇತ್ತು. ನಾನು ಬಿಟ್ಟು ಒಂಬತ್ತು ಜನ. ಅವರಲ್ಲಿ ಹಿರಿಯ ಕಾರ್ಪೆಂಟರ್ ಬಸಪ್ಪ, ಬಾಗಲಕೋಟೆಯ ಕಡೆಯವರು. ಐವತ್ತರ ಆಸುಪಾಸು. ನನ್ನನ್ನು ಅಕ್ಕಾರ ಎನ್ನುತ್ತಿದ್ದರು, ನಾನು ಬಸಣ್ಣ ಎನ್ನುತ್ತಿದ್ದೆ. ಅವರ ಕನ್ನಡ ನನಗೆ ಮೊದಮೊದಲು ಅರ್ಧ ತಿಳಿಯುತ್ತಿರಲಿಲ್ಲ. ನನ್ನ 'ಎಂತ, ಉಂಟು' ಕೇಳಿದರೆ ಅವರಿಗೆ ನಗು. ನಾವಿಬ್ಬರೂ ಜಗಳಾಡದ ದಿನ ವರ್ಕ್‌ಶಾಪಿಗೆ ಏನೋ ಕಳೆ ಇಲ್ಲ ಎಂದು ಉಳಿದವರು ಹೇಳುತ್ತಿದ್ದರು.

ಆ ವರ್ಷ ನಮ್ಮ ವರ್ಕ್‌ಶಾಪಿನ ತಲೆಯ ಮೇಲೆ ಕತ್ತಿ ತೂಗುತ್ತಿತ್ತು. ವಿಶ್ವಕಪ್ ಕಾಲದ ಕೆಲಸಗಳೆಲ್ಲ ಮುಗಿದಿದ್ದವು. ಮಾಡೆಲ್‌ಗಳನ್ನು ಇನ್ನು ಹೊರದೇಶದಲ್ಲಿ ಪ್ರಿಂಟ್ ಮಾಡಿಸಿ ತರಿಸಿದರೆ ಸಾಕು, ಇಲ್ಲಿ ಒಂಬತ್ತು ಜನರನ್ನು ಇಟ್ಟುಕೊಳ್ಳುವುದು ಏಕೆ ಎಂದು ಮಾಲೀಕರು ಕೇಳತೊಡಗಿದ್ದರು. ನಮ್ಮ ಜನರಲ್ ಮ್ಯಾನೇಜರ್ ಸಮೀರ್ ಜೋರ್ಡಾನಿನವರು, ಮಾತು ಒರಟು, ಮನಸ್ಸು ಒಳ್ಳೆಯದು. ಅವರೇ ನಮ್ಮ ಪರವಾಗಿ ವಾದಿಸಿ ಕೊನೆಯದೊಂದು ಅವಕಾಶ ಗಿಟ್ಟಿಸಿದ್ದರು. ಅದು ಕೈಕೊಟ್ಟರೆ ವರ್ಕ್‌ಶಾಪ್ ಬಂದ್, ಒಂಬತ್ತೂ ಜನರ ವೀಸಾ ರದ್ದು. ಇದನ್ನು ನನಗೆ ಮಾತ್ರವಲ್ಲ, ಎಲ್ಲರಿಗೂ ಕೇಳುವಂತೆ ಹೇಳಿದ್ದರು.

ಆ ಕೊನೆಯ ಅವಕಾಶದ ಹೆಸರು ಲೋರ್ಮೆನ್ಯಾಕ್.

ಫ್ರಾನ್ಸಿನ ನೈಋತ್ಯ ಭಾಗದ ಒಂದು ಚಿಕ್ಕ ಹಳ್ಳಿ-ಪಟ್ಟಣ ಅದು. ನಮ್ಮ ಒಂದು ಪಂಚಾಯಿತಿಯಷ್ಟು ಜನ. ದೋಹಾದಲ್ಲಿ 'ಜಗತ್ತಿನ ಚಿಕ್ಕ ಊರುಗಳು' ಎಂಬ ಪ್ರದರ್ಶನಕ್ಕೆ ಆರಿಸಿದ್ದ ನಾಲ್ಕು ಊರುಗಳಲ್ಲಿ ಮೊದಲನೆಯದು. ಇದು ಒಪ್ಪಿಗೆಯಾದರೆ ಮಿಕ್ಕ ಮೂರೂ ನಮಗೆ. ಉದ್ಘಾಟನೆಗೆ ಆ ಊರಿನ ಮೇಯರ್ ಮತ್ತು ನಿವೃತ್ತ ಇತಿಹಾಸ ಶಿಕ್ಷಕಿ ಮದಾಮ್ ಇವೆತ್ ಬರುವವರಿದ್ದರು. ನಮಗೆ ಬೇಕಾದ ಕಾಗದಪತ್ರಗಳನ್ನೆಲ್ಲ ಕಳಿಸಿಕೊಟ್ಟವರು ಈ ಮದಾಮ್. ವಯಸ್ಸು ಎಂಬತ್ತೊಂದು.

ಒಂದು ಊರನ್ನು ಮಾಡುವ ಮೊದಲು ಅದರ ಕಥೆಯನ್ನು ನಮ್ಮವರಿಗೆ ಹೇಳುವುದು ನನ್ನ ಪದ್ಧತಿ. ಬೆಳಗಿನ ಕರಕ್ ಚಹಾದ ಹೊತ್ತಿಗೆ ಒಂದಿಷ್ಟು ಹಿಂದಿ, ಒಂದಿಷ್ಟು ಕನ್ನಡ, ಒಂದಿಷ್ಟು ಕೈಸನ್ನೆ. ಲೋರ್ಮೆನ್ಯಾಕನ್ನೂ ಹಾಗೆ ಕಂತು ಕಂತಾಗಿ ಹೇಳಿದೆ. ಸುಣ್ಣಕಲ್ಲಿನ ಬಯಲು ಸೀಮೆ. ಅದರ ನಡುವೆ ಒಂದು ಗುಡ್ಡ. ಗುಡ್ಡವನ್ನು ಮೂರು ಕಡೆಯಿಂದ ಸುತ್ತಿ ಹರಿಯುವ ಹೊಳೆ, ಅದರ ಮೇಲೆ ನಾಲ್ಕು ಕಮಾನಿನ ಕಲ್ಲಿನ ಸೇತುವೆ. ಹದಿಮೂರನೆಯ ಶತಮಾನದಲ್ಲಿ ಗುಡ್ಡದ ತಲೆಯ ಮೇಲೆ ಹಗ್ಗ ಹಿಡಿದು ಗೆರೆ ಎಳೆದು ಕಟ್ಟಿದ ಊರು. ಆದ್ದರಿಂದ ಬೀದಿಗಳೆಲ್ಲ ನೇರ. ನಡುವೆ ಚೌಕ, ಚೌಕದ ಸುತ್ತ ನಮ್ಮ ಮನೆಗಳ ಜಗಲಿಯ ಹಾಗೆ ಮುಚ್ಚಿದ ಕಮಾನುಗಳು. ರೈಲು ಬಂತು, ಕೆಲವು ಕಾಲ ಓಡಿತು, ನಿಂತಿತು. ಹಳಿ ಇದ್ದಲ್ಲಿ ಈಗ ಜನ ಸೈಕಲ್ ಹೊಡೆಯುತ್ತಾರೆ.

ಅಳತೆ ಒಂದಕ್ಕೆ ಐನೂರು. ಅಂದರೆ ನೆಲದ ಐದು ಮೀಟರು ನಮ್ಮಲ್ಲಿ ಒಂದು ಸೆಂಟಿಮೀಟರು. ಮಾಡೆಲ್ ಮೂರು ಮೀಟರು ಉದ್ದ, ಎರಡು ಮೀಟರು ಅಗಲ. ಎತ್ತರದ ಅಂಕಿಗಳನ್ನು ಕಂಪ್ಯೂಟರಿಗೆ ಕೊಟ್ಟರೆ ಸಿ.ಎನ್.ಸಿ. ರೂಟರ್ ಎಂಬ ಕೊರೆಯುವ ಯಂತ್ರ ಫೋಮ್ ದಿಮ್ಮಿಯಲ್ಲಿ ಗುಡ್ಡ, ಕಣಿವೆಗಳನ್ನು ಕಡೆಯುತ್ತದೆ. ಒಂಬತ್ತು ದಿನದಲ್ಲಿ ಗುಡ್ಡ ಎದ್ದಿತು. ಮೃದುಮರದ ನಾನೂರ ಹನ್ನೆರಡು ಮನೆಗಳನ್ನು ಬಸಣ್ಣನ ತಂಡ ಕೈಯಲ್ಲೇ ಕೆತ್ತಿತು. ಒಂದೊಂದು ಮನೆಯೂ ಬೆರಳ ತುದಿಯಷ್ಟು.

ಹಸ್ತಾಂತರಕ್ಕೆ ಹನ್ನೊಂದು ದಿನ ಉಳಿದಿತ್ತು. ಬಸಣ್ಣ ಸೇತುವೆಯಿಂದ ಚೌಕಕ್ಕೆ ಹತ್ತುವ ರಸ್ತೆಯ ಪಕ್ಕ ಮನೆಗಳನ್ನು ಅಂಟಿಸುತ್ತಿದ್ದರು. ಅಂದಿನ ಚಹಾದ ಕಂತಿನಲ್ಲಿ ನಾನು ದನದ ಸಂತೆಯ ಕಥೆಗೆ ಬಂದಿದ್ದೆ. ತಿಂಗಳಿಗೆ ಎರಡು ಸಲ ಮೇಲಿನ ಚೌಕದಲ್ಲಿ ಸಂತೆ. ಸುತ್ತಲಿನ ರೈತರು ಎತ್ತಿನ ಗಾಡಿಯಲ್ಲಿ ಧಾನ್ಯ, ಆಕ್ರೋಟು ಹೇರಿಕೊಂಡು ಇದೇ ರಸ್ತೆಯಲ್ಲಿ ಹತ್ತುತ್ತಿದ್ದರು. ಆ ಊರು ಶತಮಾನಗಟ್ಟಲೆ ಬದುಕಿದ್ದೇ ಈ ಸಂತೆಯಿಂದ.

ಬಸಣ್ಣ ಅಂಟಿನ ಬ್ರಷ್ಷನ್ನು ಕೆಳಗಿಟ್ಟರು.

"ಅಕ್ಕಾರ, ಈ ಏರು ಎತ್ತು ಹ್ಯಾಂಗ ಹತ್ತತಾವ್ರಿ?"

"ಎಂತ ಬಸಣ್ಣ, ನಮ್ಮ ಘಟ್ಟಕ್ಕೆ ಬಸ್ಸು ಹತ್ತುದಿಲ್ವಾ? ಹಾಗೇ ಹತ್ತುದು."

"ಬಸ್ಸು ಹತ್ತತೈತ್ರಿ. ಹೇರಿದ ಗಾಡಿ ಹತ್ತೂದಿಲ್ಲ. ನಾ ಗಾಡಿ ಹೊಡದಾಂವ ಅದೀನಿ. ಇಷ್ಟು ಏರಿಗೆ ಎತ್ತು ಮೊಣಕಾಲು ಊರತಾವ, ಗಾಡಿ ಹಿಂದಕ್ಕ ಜಾರತೈತಿ. ಇಲ್ಲಿ ಸಂತಿ ಆಗಾಕ ಸಾಧ್ಯನ ಇಲ್ಲ."

"ಫ್ರಾನ್ಸಿನ ಎತ್ತು ಮಾರಾಯ್ರೆ, ಗಟ್ಟಿ ಇರ್ಬೇಕು," ಎಂದೆ. ಎಲ್ಲರೂ ನಕ್ಕರು. ಬಸಣ್ಣ ನಗಲಿಲ್ಲ.

ಅವರು ನಗದೇ ಇದ್ದದ್ದು ನನ್ನನ್ನು ಕೊರೆಯಿತು. ಆಫೀಸಿಗೆ ಹೋಗಿ ನಕ್ಷೆ ತೆಗೆದೆ. ಸೇತುವೆಯಿಂದ ಚೌಕಕ್ಕೆ ರಸ್ತೆಯ ಉದ್ದ ಏಳುನೂರ ಇಪ್ಪತ್ತು ಮೀಟರು, ಏರು ಅರವತ್ತು ಮೀಟರು. ಅಂದರೆ ಹನ್ನೆರಡು ಹೆಜ್ಜೆಗೆ ಒಂದು ಹೆಜ್ಜೆ ಎತ್ತರ. ಎತ್ತುಗಳಿಗೆ ಕಷ್ಟ, ಆದರೂ ಹತ್ತಬಹುದಾದ ದಾರಿ. ನಮ್ಮ ಮಾಡೆಲ್ಲಿನಲ್ಲಿ ಗುಡ್ಡ ಹನ್ನೆರಡು ಸೆಂಟಿಮೀಟರು ಇರಬೇಕಿತ್ತು. ಸ್ಕೇಲ್ ಇಟ್ಟು ಅಳೆದೆ. ಮೂವತ್ತಾರು.

ಏನಾಗಿದೆ ಎಂದು ಆ ಕ್ಷಣವೇ ಗೊತ್ತಾಯಿತು. ಕತಾರ್ ಚಪ್ಪಟೆ ದೇಶ. ಇಲ್ಲಿನ ಅತಿ ಎತ್ತರದ ಜಾಗವೂ ಸಮುದ್ರ ಮಟ್ಟದಿಂದ ನೂರು ಮೀಟರಿನ ಆಸುಪಾಸು. ಈ ನೆಲವನ್ನು ಇದ್ದ ಹಾಗೆ ಮಾಡಿದರೆ ಟೇಬಲ್ಲಿನ ಮೇಲೆ ಇನ್ನೊಂದು ಟೇಬಲ್ ಇಟ್ಟಂತೆ ಕಾಣುತ್ತದೆ. ಅದಕ್ಕೇ ನಾವು ಎತ್ತರವನ್ನಷ್ಟೇ ಮೂರು ಪಟ್ಟು ಹಿಗ್ಗಿಸುತ್ತಿದ್ದೆವು. ಇದನ್ನು ಝೆಡ್ ಫ್ಯಾಕ್ಟರ್ ಎನ್ನುತ್ತಾರೆ. ಹನ್ನೆರಡು ವರ್ಷ ಇದೇ ದೇಶದ ನೆಲ ಮಾಡಿ ಮಾಡಿ ನಮ್ಮ ಫೈಲಿನಲ್ಲಿ ಆ ಮೂರು ಖಾಯಂ ಆಗಿ ಕುಳಿತುಬಿಟ್ಟಿತ್ತು. ಫ್ರಾನ್ಸಿನ ಗುಡ್ಡಕ್ಕೂ ಅದೇ ಬಿದ್ದಿತ್ತು.

ಹಾಗಾದರೆ ಯಂತ್ರದಿಂದ ಇಳಿಸಿದ ದಿನವೇ ನನಗೆ ಏಕೆ ಕಾಣಲಿಲ್ಲ? ಇದಕ್ಕೆ ಉತ್ತರ ನನ್ನ ಹುಟ್ಟಿನಲ್ಲಿದೆ. ಬೆಳಿಗ್ಗೆ ಎದ್ದು ಬಾಗಿಲು ತೆರೆದರೆ ಪೂರ್ವಕ್ಕೆ ಘಟ್ಟ ಗೋಡೆಯ ಹಾಗೆ ನಿಂತಿರುವುದನ್ನು ನೋಡಿ ಬೆಳೆದವಳು ನಾನು. ಗುಡ್ಡ ಎಂದರೆ ಕಡಿದಾಗಿಯೇ ಇರಬೇಕು ಎಂದು ನನ್ನ ಕಣ್ಣು ಒಪ್ಪಿಕೊಂಡಿತ್ತು. 'ಎಷ್ಟು ಚಂದದ ಗುಡ್ಡ' ಎಂದು ನಾನೇ ಸಹಿ ಹಾಕಿದ್ದೆ. ಎರೆಮಣ್ಣಿನ ಬಯಲಲ್ಲಿ ಗಾಡಿ ಹೊಡೆದ ಬಸಣ್ಣನ ಕಣ್ಣು ಒಪ್ಪಲಿಲ್ಲ.

ಸಮೀರ್ ಬಳಿ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ತಪ್ಪು ನನ್ನದು, ಸಹಿ ನನ್ನದು ಎಂದೂ ಹೇಳಿದೆ.

"ಖಲಾಸ್, ವಿಜಯಾ. ಯಾರಿಗೂ ಹೇಳಬೇಡ. ದೋಹಾದಲ್ಲಿ ಆ ಊರು ಕಂಡವರು ಯಾರಿದ್ದಾರೆ? ಗುಡ್ಡ ಎತ್ತರ ಇದ್ದರೆ ಫೋಟೊ ಚೆನ್ನಾಗಿ ಬರುತ್ತದೆ."

"ಆ ಊರಿನಿಂದ ಇಬ್ಬರು ಬರುತ್ತಿದ್ದಾರಲ್ಲ."

"ಇಬ್ಬರು ವೃದ್ಧರು! ಸಂತೋಷಪಟ್ಟು ಹೋಗುತ್ತಾರೆ. ಹೊಸದು ಮಾಡುತ್ತೇನೆ ಎಂದರೆ ಹನ್ನೊಂದು ದಿನ ಇದೆ, ರೂಟರ್ ಬೇರೆ ಕೆಲಸಕ್ಕೆ ಹೋಗಿದೆ. ಒಂದು ದಿನ ತಡವಾದರೂ ವರ್ಕ್‌ಶಾಪನ್ನು ನಾನು ಉಳಿಸಲಾರೆ. ಮಾಫಿ ಚಾನ್ಸ್, ಇನ್ನೊಂದು ಅವಕಾಶ ಇಲ್ಲ. ನೀನೇ ಯೋಚಿಸು."

ಯೋಚಿಸುತ್ತಾ ವರ್ಕ್‌ಶಾಪಿಗೆ ಬಂದೆ. ನನಗೆ ಹೇಗೂ ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಕಳೆದುಕೊಳ್ಳುವವರು ಆ ಒಂಬತ್ತು ಜನ. ಅವರನ್ನು ಕೇಳದೆ ನಿರ್ಧಾರ ಮಾಡುವ ಹಕ್ಕು ನನಗಿಲ್ಲ ಅನ್ನಿಸಿತು. ಎಲ್ಲರನ್ನೂ ಮಾಡೆಲ್ಲಿನ ಸುತ್ತ ಕರೆದೆ. ತಪ್ಪು ಹೇಗಾಯಿತು, ಮುಚ್ಚಿಟ್ಟರೆ ಏನು, ಸರಿ ಮಾಡಲು ಹೊರಟು ತಡವಾದರೆ ಏನು, ಮೂರನ್ನೂ ಬಿಡಿಸಿ ಹೇಳಿದೆ. ಹಿಂದಿಯಲ್ಲೊಮ್ಮೆ, ಕನ್ನಡದಲ್ಲೊಮ್ಮೆ.

ಬಸಣ್ಣ ಕೈಯ ಅಂಟು ಕೆರೆಯುತ್ತಾ ಹೇಳಿದರು: "ತಪ್ಪಂತ ಗೊತ್ತಾದ ಮ್ಯಾಲ ಅದಕ್ಕ ಬಣ್ಣ ಹಚ್ಚೂದು ನನ್ನ ಕೈಲೆ ಆಗೂದಿಲ್ರಿ ಅಕ್ಕಾರ. ಊರಿಗೆ ಹೋಗೂದಾದ್ರ ಕೆಲಸ ಸರಿ ಮಾಡೇ ಹೋಗೂಣು." ಅವರ ಮಾತನ್ನು ನಾನು ಹಿಂದಿಗೆ ತಿರುಗಿಸಿದೆ. ನೇಪಾಳದ ಪೇಂಟರ್ ಮೊದಲು ತಲೆಯಾಡಿಸಿದ. ಆಮೇಲೆ ಎಲ್ಲರೂ.

"ಹಾಗಾದ್ರೆ ಯಲ್ಲಾ, ಶುರು ಮಾಡುವ," ಎಂದೆ.

ರೂಟರ್ ಇಲ್ಲದಿದ್ದರೇನು, ಹಳೆಯ ದಾರಿ ಇತ್ತು. ಕಾಂಟೂರ್ ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ. ಒಂದೊಂದು ಕಾಂಟೂರಿಗೂ ಒಂದೊಂದು ತೆಳು ಹಲಗೆ ಕತ್ತರಿಸಿ, ದೋಸೆಯ ಮೇಲೆ ದೋಸೆ ಇಟ್ಟ ಹಾಗೆ ಜೋಡಿಸುತ್ತಾ ಹೋದರೆ ಗುಡ್ಡ ಏಳುತ್ತದೆ. ನಾನು ಕೆಲಸ ಕಲಿತದ್ದೇ ಹಾಗೆ. ಮೂರು ಮಿಲಿಮೀಟರಿನ ಎಂ.ಡಿ.ಎಫ್. ಹಲಗೆ, ಒಂದು ಹಲಗೆ ನೆಲದ ಒಂದೂವರೆ ಮೀಟರು ಎತ್ತರಕ್ಕೆ ಸಮ. ನಲವತ್ತು ಪದರ ಸೇರಿದರೆ ಸರಿಯಾಗಿ ಹನ್ನೆರಡು ಸೆಂಟಿಮೀಟರು. ಚಿಕ್ಕ ಲೇಸರ್ ಕಟರ್ ಖಾಲಿ ಇತ್ತು. ದೊಡ್ಡ ಪದರಗಳನ್ನು ನಾಲ್ಕು ತುಂಡು ಮಾಡಿ ಕತ್ತರಿಸಿದೆವು. ಮನೆಗಳನ್ನು ಒಂದೊಂದಾಗಿ ಕಿತ್ತು, ನಂಬರ್ ಹಾಕಿ, ಸೂಕ್ ವಾಕಿಫ್ ಪೇಟೆಯಿಂದ ತಂದ ಖರ್ಜೂರದ ಖಾಲಿ ಡಬ್ಬಿಗಳಲ್ಲಿ ಬೀದಿವಾರು ಇಟ್ಟೆವು. ಕಡಿದಾದ ಇಳಿಜಾರಿಗೆಂದು ಓರೆಯಾಗಿ ಕೊಯ್ದಿದ್ದ ಅವುಗಳ ತಳವನ್ನೆಲ್ಲ ಮತ್ತೆ ಕೊಯ್ಯಬೇಕಾಯಿತು. ನಾನೂರ ಹನ್ನೆರಡು ತಳ.

ಶುಕ್ರವಾರದ ರಜೆಯನ್ನು ಯಾರೂ ಕೇಳಲಿಲ್ಲ. ಅಲ್ ಮನ್ಸೂರಾದ ನನ್ನ ಮನೆಯಿಂದ ಆ ದಿನ ಹತ್ತು ಜನರಿಗೆ ನೀರುದೋಸೆ, ಕೋಳಿ ಸಾರು ಹೊತ್ತು ತಂದೆ. ಬಸಣ್ಣ ಸಸ್ಯಾಹಾರಿ, ಅವರಿಗೆ ಬೇರೆಯಾಗಿ ಬದನೆಕಾಯಿ ಪಲ್ಯ. "ಇದಕ್ಕ ರೊಟ್ಟಿ ಇದ್ದಿದ್ರ..." ಎಂದು ಅವರು ಶುರುಮಾಡಿದ್ದೇ ತಡ, "ತಿನ್ನಿ ಮಾರಾಯ್ರೆ, ಸುಮ್ಮನೆ," ಎಂದು ಬಾಯಿ ಮುಚ್ಚಿಸಿದೆ.

ಎಂಟನೆಯ ದಿನ ಪದರಗಳೆಲ್ಲ ಕೂತವು. ಇನ್ನು ಮೆಟ್ಟಿಲು ಮೆಟ್ಟಿಲಾಗಿ ಕಾಣುವ ಅಂಚುಗಳಿಗೆ ಪುಟ್ಟಿ ತುಂಬಿ, ಉಜ್ಜಿ, ನುಣುಪು ಮಾಡಬೇಕು. ಆಗ ರಸ್ತೆಯ ಅರ್ಧ ದಾರಿಯ ತಿರುವಿನಲ್ಲಿ ಒಂದು ವಿಚಿತ್ರ ಕಂಡಿತು. ಎಲ್ಲ ಕಡೆ ಪದರಗಳು ಒತ್ತೊತ್ತಾಗಿ ಏರುತ್ತಿದ್ದರೆ ಅಲ್ಲಿ ಮಾತ್ರ ಒಂದು ಪದರ ನಾಲ್ಕು ಸೆಂಟಿಮೀಟರು ಉದ್ದ, ಮೂರು ಸೆಂಟಿಮೀಟರು ಅಗಲಕ್ಕೆ ಚಪ್ಪಟೆಯಾಗಿ ಚಾಚಿಕೊಂಡಿತ್ತು. ನಕ್ಷೆಯಲ್ಲಿ ಅಲ್ಲಿ ಏನೂ ಬರೆದಿರಲಿಲ್ಲ. ಮೊದಲ ಸಲ ಕಂಪ್ಯೂಟರಿನಲ್ಲೇ ಅದನ್ನು ಕಂಡು, ವಿಮಾನದಿಂದ ಅಳೆದ ಅಂಕಿಗಳಲ್ಲಿ ಹೀಗೆ ದೋಷ ಬರುವುದುಂಟು ಎಂದು ನಾನೇ ಅಳಿಸಿ ಹಾಕಿದ್ದೆ. ಈಗ ಮತ್ತೆ ಮೂಲ ಅಂಕಿ ಹಾಕಿದ್ದರಿಂದ ಅದು ಮರಳಿ ಬಂದಿತ್ತು.

"ಇದನ್ನು ಉಜ್ಜಿ ಇಳಿಜಾರಿಗೆ ಸೇರಿಸಿಬಿಡಿ ಬಸಣ್ಣ. ಡೇಟಾ ಮಿಸ್ಟೇಕ್ ಅದು."

ಬಸಣ್ಣ ಆ ಚಪ್ಪಟೆ ಜಾಗದ ಮೇಲೆ ಹೆಬ್ಬೆರಳಿಟ್ಟರು. ಕೆಳಗೆ ಸೇತುವೆಯತ್ತ ನೋಡಿದರು, ಮೇಲೆ ಚೌಕದತ್ತ ನೋಡಿದರು.

"ಬ್ಯಾಡ್ರಿ ಅಕ್ಕಾರ. ಅರ್ಧ ಏರಿಗೆ ಎತ್ತಿಗೆ ದಮ್ಮು ಹತ್ತತೈತಿ. ಇಲ್ಲಿ ಗಾಡಿ ನಿಲ್ಲಿಸಿ ದಮ್ಮು ಆರಿಸ್ಕೊಂತಿದ್ರು. ಗಾಲಿಗೆ ಕಲ್ಲು ಕೊಡೂದ ಬ್ಯಾಡ, ಹಂಗ ಸಪಾಟ ಐತಿ. ಇದು ಮಂದಿ ಮಾಡಿದ ಜಾಗ."

"ನಕ್ಷೆಯಲ್ಲಿ ಇಲ್ಲ, ಮದಾಮ್ ಕಳಿಸಿದ ಕಾಗದದಲ್ಲೂ ಇಲ್ಲ."

"ಬರಿಯೋರು ಯಾರ್ರಿ? ಎತ್ತು ಬರಿತಾವೇನು?"

ಹತ್ತು ದಿನದ ಹಿಂದೆ ಆಗಿದ್ದರೆ ನಕ್ಕು ಉಜ್ಜಿಸುತ್ತಿದ್ದೆ. ಈ ಸಲ ಬಾಯಿ ಮುಚ್ಚಿಕೊಂಡೆ. ಚಪ್ಪಟೆ ಜಾಗ ಹಾಗೆಯೇ ಉಳಿಯಿತು. ಬಸಣ್ಣ ಅದರ ಮೇಲೆ ತೆಳುವಾಗಿ ಹಸಿರು ಬಣ್ಣ ಹಚ್ಚಿಸಿದರು.

ಹನ್ನೊಂದನೆಯ ದಿನ ಮಧ್ಯಾಹ್ನ ಮಾಡೆಲ್ ಲಾರಿ ಏರಿತು. ಸಮೀರ್ ಬಂದು ಸುತ್ತು ಹಾಕಿ ನೋಡಿದರು. ಮೊದಲಿನ ಗುಡ್ಡದ ಠೀವಿ ಇದಕ್ಕಿರಲಿಲ್ಲ. ಮೆಲ್ಲಗೆ ಏಳುವ, ಸಾದಾ ಗುಡ್ಡ. "ಸಪ್ಪೆಯಾಗಿದೆ," ಎಂದು ಒಂದೇ ಮಾತು ಹೇಳಿ ಹೊರಟುಹೋದರು.

ಉದ್ಘಾಟನೆಯ ದಿನ ಬೆಳಿಗ್ಗೆ, ಅತಿಥಿಗಳು ಬರುವ ಮೊದಲು, ಫ್ರಾನ್ಸಿನವರಿಗೆ ಮಾತ್ರ ತೋರಿಸುವ ಏರ್ಪಾಡಿತ್ತು. ಗಾಜು ಇನ್ನೂ ಮುಚ್ಚಿರಲಿಲ್ಲ. ನಾನೂ ಬಸಣ್ಣನೂ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಗೋಡೆಯ ಬಳಿ ನಿಂತಿದ್ದೆವು. ಸಮೀರ್ ಜೊತೆಗೆ ನಮ್ಮ ಮಾಲೀಕರೂ ಬಂದಿದ್ದರು. ಮೇಯರ್ ದಪ್ಪ ಮೀಸೆಯ ನಗುಮುಖದವರು, ತಮ್ಮ ಮನೆ ಎಲ್ಲಿದೆ ಎಂದು ಹುಡುಕಿ ಕುಣಿದಾಡಿದರು. ಮದಾಮ್ ಇವೆತ್ ಕುಳ್ಳಗಿನ, ಬಿಳಿಗೂದಲಿನ ಹೆಂಗಸು. ಕನ್ನಡಕ ಏರಿಸಿಕೊಂಡು ಸೇತುವೆಯ ಮೇಲೆ ಎರಡು ಬೆರಳಿಟ್ಟರು. ಮಕ್ಕಳು ಗೊಂಬೆ ನಡೆಸುವಂತೆ ಆ ಎರಡು ಬೆರಳುಗಳನ್ನು ರಸ್ತೆಯ ಮೇಲೆ ನಡೆಸುತ್ತಾ ಹೋದರು. ಮೊದಲ ತಿರುವು. ಎರಡನೆಯ ತಿರುವು. ಅಲ್ಲಿ ಬೆರಳು ನಿಂತಿತು.

ಅವರು ಏನೋ ಕೇಳಿದರು. ದುಭಾಷಿ ಇಂಗ್ಲಿಷಿಗೆ ತಿರುಗಿಸಿದರು: "ಇದನ್ನು ನಿಮಗೆ ಯಾರು ಹೇಳಿದರು?"

ಯಾರೂ ಹೇಳಲಿಲ್ಲ, ಅಲ್ಲಿ ಎತ್ತುಗಳು ದಮ್ಮು ಆರಿಸಿಕೊಳ್ಳುತ್ತಿದ್ದವು ಎಂದು, ಊರಲ್ಲಿ ಎತ್ತಿನ ಗಾಡಿ ಹೊಡೆದ ನಮ್ಮ ಕಾರ್ಪೆಂಟರ್ ಊಹಿಸಿದರು ಎಂದೆ. ದುಭಾಷಿ ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಮದಾಮ್ ಕಣ್ಣಲ್ಲಿ ನೀರು. ತಾನು ಏಳೆಂಟು ವರ್ಷದವಳಿದ್ದಾಗ ಅಪ್ಪನ ಗಾಡಿಯ ಮೇಲೆ ಕೂತು ಸಂತೆಗೆ ಹೋಗುತ್ತಿದ್ದಳಂತೆ. ಸರಿಯಾಗಿ ಇಲ್ಲಿಯೇ ಅಪ್ಪ ಎತ್ತುಗಳನ್ನು ನಿಲ್ಲಿಸಿ, ಅವುಗಳ ಬೆನ್ನು ತಟ್ಟಿ, ಅವಳಿಗೆ ಒಂದು ತುಂಡು ಬ್ರೆಡ್ ಮುರಿದು ಕೊಡುತ್ತಿದ್ದನಂತೆ. ಈಗ ಅಲ್ಲಿ ಹುಲ್ಲು ಬೆಳೆದಿದೆ. ಮೇಯರ್‌ಗೇ ಅದು ಏನೆಂದು ಗೊತ್ತಿರಲಿಲ್ಲ. ದಿನಾ ಅದರ ಪಕ್ಕದಲ್ಲೇ ಕಾರು ಓಡಿಸುತ್ತೇನೆ ಎಂದು ಅವರು ತಲೆಗೆ ಕೈಯಿಟ್ಟರು.

ಮದಾಮ್ ಸೀದಾ ಬಸಣ್ಣನ ಬಳಿ ಬಂದು ಅವರ ಕೈ ಹಿಡಿದುಕೊಂಡರು. ನಿನ್ನ ಎತ್ತುಗಳ ಹೆಸರೇನು ಎಂಬುದು ಅವರ ಪ್ರಶ್ನೆ. ಫ್ರೆಂಚಿನಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ನನ್ನ ಕರಾವಳಿ ಕನ್ನಡಕ್ಕೆ ಅದು ಇಳಿದು ಬಂತು.

"ಸಾರಂಗ, ಕರಿಯ ಅಂತ್ರಿ," ಎಂದರು ಬಸಣ್ಣ, ಬೆವರುತ್ತಾ. "ಅವರ್ವು ಏನಂತ ಕೇಳ್ರಿ ಅಕ್ಕಾರ."

ಕೇಳಿದೆ. ಒಂದರ ಹೆಸರು ರುಸೆ, ಅಂದರೆ ಕೆಂಬಣ್ಣದ್ದು. ಇನ್ನೊಂದು ಜೋಲಿ, ಚೆಲುವ. ಬಸಣ್ಣ ಎರಡೂ ಹೆಸರನ್ನು ಬಾಯಲ್ಲಿ ಹೊರಳಿಸಿ ನೋಡಿ, ಚಲೋ ಹೆಸರು ಎಂದು ತಲೆಯಾಡಿಸಿದರು. ಇಬ್ಬರೂ ಕೈ ಬಿಡದೆ ನಗುತ್ತಿದ್ದರು. ನಾನು ಅಳುತ್ತಿದ್ದೆ.

ಮೇಯರ್ ನಮ್ಮ ಮಾಲೀಕರತ್ತ ತಿರುಗಿ, ಆ ಜಾಗದಲ್ಲಿ ಒಂದು ಕಲ್ಲು ನೆಡಿಸುತ್ತೇನೆ, ನಮ್ಮ ಊರಿನ ಮರೆತ ತುಂಡೊಂದನ್ನು ನಿಮ್ಮ ವರ್ಕ್‌ಶಾಪ್ ಹುಡುಕಿಕೊಟ್ಟಿತು ಎಂದರು. ಮಾಲೀಕರು ಸಮೀರ್ ಕಡೆ ನೋಡಿದರು. ಸಮೀರ್, "ನಮ್ಮಲ್ಲಿ ಎಲ್ಲವೂ ಕೈಯಲ್ಲೇ ಮಾಡುವುದು, ಪ್ರಿಂಟ್ ಅಲ್ಲ," ಎಂದು ಎದೆಯುಬ್ಬಿಸಿ ಹೇಳಿದರು. ಸಪ್ಪೆಯಾಗಿದೆ ಎಂದವರೂ ಇವರೇ! ಹೊರಗೆ ಬಂದ ಮೇಲೆ ಅದನ್ನು ನೆನಪಿಸಿದೆ. "ಯಲ್ಲಾ, ಹೋಗು, ಕೆಲಸ ನೋಡು," ಎಂದು ಗದರಿಸಿದರು, ಮುಖ ತುಂಬ ನಗು. ಒಂದು ವಾರದಲ್ಲಿ ಮಿಕ್ಕ ಮೂರು ಊರುಗಳ ಕೆಲಸ ನಮಗೇ ಬಂತು. ಒಂಬತ್ತೂ ವೀಸಾ ನವೀಕರಣವಾದವು.

ಉದ್ಘಾಟನೆಯ ಮರುದಿನ ನಾನು ಮಾಡಿದ ಮೊದಲ ಕೆಲಸ ಫೈಲಿನಲ್ಲಿ ಝೆಡ್ ಫ್ಯಾಕ್ಟರ್ ಮೂರನ್ನು ಒಂದಕ್ಕೆ ಇಳಿಸಿದ್ದು. ಬಸಣ್ಣ ಮಾಡಿದ ಕೆಲಸ ಇನ್ನೂ ದೊಡ್ಡದು. ರೂಟರ್ ಯಂತ್ರದ ಮೇಲಿನ ಗೋಡೆಗೆ ಒಂದು ಹಲಗೆ ಹೊಡೆದು, ಅದರ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದರು: 'ಎತ್ತು ಹತ್ತತಾವೇನು?'

ನೆಲವನ್ನು ಅಂಕಿಗಳಿಂದ ಮಾಡಬಹುದು ಎಂದು ನಾನು ಇಪ್ಪತ್ತೆರಡು ವರ್ಷ ನಂಬಿದ್ದೆ. ಅಂಕಿ ಬೇಕು, ಇಲ್ಲ ಎನ್ನುವುದಿಲ್ಲ. ಆದರೆ ಒಂದು ದಾರಿಯನ್ನು ಮಾಡುವ ಮೊದಲು ಅದರ ಮೇಲೆ ಯಾರು ನಡೆದರು, ಏನು ಹೊತ್ತು ನಡೆದರು, ಎಲ್ಲಿ ಉಸಿರು ಬಿಟ್ಟರು ಎಂದು ಕೇಳಬೇಕು. ಹಾಗೆ ಕೇಳಬಲ್ಲವರು ವರ್ಕ್‌ಶಾಪಿನ ಯಾವ ಮೂಲೆಯಲ್ಲಿ ಬ್ರಷ್ ಹಿಡಿದು ಕೂತಿದ್ದರೂ ಅವರ ಮಾತಿಗೆ ಕಿವಿ ಕೊಡಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು, ಕಲಿತದ್ದು ನಿವೃತ್ತಿಗೆ ಒಂದು ವರ್ಷ ಇರುವಾಗ.

ಈಗ ನನ್ನ ಜಾಗದಲ್ಲಿ ಫಿಲಿಪೀನ್ಸಿನ ಹುಡುಗಿ ಇದ್ದಾಳೆ. ಹೋದ ತಿಂಗಳು ಫೋನು ಮಾಡಿದ್ದಳು. ಹೊಸ ಮಾಡೆಲ್ಲಿನ ಫೈಲು ಸಿದ್ಧವಾಗಿದೆ, ಗುಡ್ಡಗಾಡಿನ ಊರು, ನಕ್ಷೆಗೆ ಹೋಲಿಸಿ ನೋಡಿದ್ದೇನೆ, ಎಲ್ಲ ಅಳತೆ ಸರಿಯಾಗಿದೆ, ಆದರೂ ಯಂತ್ರಕ್ಕೆ ಹಾಕಲು ಬಿಡುತ್ತಿಲ್ಲ ಎಂದು ದೂರು. ಯಾರು ಬಿಡುತ್ತಿಲ್ಲ ಎಂದೆ. "ಮಿಸ್ಟರ್ ಬಸಪ್ಪ," ಎಂದಳು. "ಮೊದಲು ಎತ್ತನ್ನು ಹತ್ತಿಸಿ ತೋರಿಸು ಅಂತಾರೆ."

"ಹತ್ತಿಸು ಮಗಾ," ಎಂದೆ. "ಹತ್ತಿಸಿಯೇ ಹಾಕು."